ಅನ್ನ ಕಮ್ಮಿ

ಮಂಜಯ್ಯ ಸತ್ತ ಹದಿನೆಂಟನೇ ದಿನ ಅವನ ಮನೆಗೆ ಒಂದು ಹೊಸ ಪದ ಬಂತು. ತಂದವನು ಹಿರಿಮಗ ಪ್ರಕಾಶ. ಕೊಪ್ಪದ ತಾಲೂಕು ಕಚೇರಿಯ ಎದುರು ಮೇಜು ಹಾಕಿಕೊಂಡು ಅರ್ಜಿ ಬರೆಯುವ ಷಡಕ್ಷರಿಯವರು ಅದನ್ನು ಚೀಟಿಯ ಮೇಲೆ ಬರೆದು ಅವನ ಜೇಬಿಗೆ ಹಾಕಿ ಕಳಿಸಿದ್ದರು. ಬಾಯಲ್ಲಿ ಹೇಳಿದ ಮಾತು ಅವನ ಊರು ಭಂಡಿಗಡಿ ಮುಟ್ಟುವುದರೊಳಗೆ ಎಲ್ಲಾದರೂ ಉದುರಿಹೋಗುತ್ತದೆ ಎಂಬುದು ಅವರ ಅನುಭವ.

ಮಂಜಯ್ಯ ಸರ್ಕಾರಿ ರಸ್ತೆಯ ಗ್ಯಾಂಗ್‌ಮನ್. ಇಪ್ಪತ್ತಾರು ವರ್ಷ ಕೊಪ್ಪ ಶೃಂಗೇರಿ ರಸ್ತೆಯ ಗುಂಡಿ ಮುಚ್ಚಿ, ಚರಂಡಿ ತೋಡಿ, ಎರಡು ಸಾವಿರದ ನಾಲ್ಕನೇ ಇಸವಿಯ ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಡಾಂಬರಿನ ಬಕೆಟ್ಟು ಕೆಳಗಿಟ್ಟು, ಎದೆ ಹಿಡಿದುಕೊಂಡು ಕಿಲೋಮೀಟರ್ ಕಲ್ಲಿನ ಮೇಲೆ ಕೂತ. ಮತ್ತೆ ಏಳಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಪ್ರಕಾಶ ಚೀಟಿ ತೆಗೆದು ಓದಿದ.

"ಅನುಕಂಪದ ಆಧಾರದ ಮೇಲೆ ನೌಕರಿ. ಅಪ್ಪಯ್ಯನ ಕೆಲಸ ನಂಗೆ ಬರ್ತದೆ ಅಮ್ಮ. ಕಾಯಂ ಕೆಲಸ."

"ಅನಕಂಪ ಅಂದ್ರೆ ಎಂತ?" ಎಂದಳು ಕಮಲಕ್ಕ, ಸೌಟು ಕೈಯಲ್ಲೇ ಹಿಡಿದುಕೊಂಡು.

"ಕನಿಕರ. ಮನೆ ಯಜಮಾನ ಹೋದ, ಅಯ್ಯೋ ಪಾಪ ಅಂತ ಸರ್ಕಾರ ಕೆಲಸ ಕೊಡದು."

"ಅಯ್ಯೋ ಪಾಪ ಅನ್ನಕ್ಕೆ ಸರ್ಕಾರಕ್ಕೆ ಬಾಯಿ ಇದೆಯನಾ?" ಎಂದ ಕಿರಿಯವನು ಮಹೇಶ್ವರ. ಅವನಿಗೆ ಇಪ್ಪತ್ತೊಂದು. ಏಳನೇ ಕ್ಲಾಸಿಗೆ ಪುಸ್ತಕ ಮುಚ್ಚಿದವನು, ಈಗ ಕೊಪ್ಪದಲ್ಲಿ ವೆಲ್ಡಿಂಗ್ ಶಾಪಿನಲ್ಲಿ ಕಿಟಕಿಯ ಗ್ರಿಲ್ಲು ಬೆಸೆಯುತ್ತಿದ್ದ. ಬಾಯಿ ತೆರೆದರೆ ಅಲ್ಲೂ ಕಿಡಿಯೇ.

"ಬಾಯಿಲ್ಲ, ಫಾರಂ ಇದೆ," ಎಂದ ಪ್ರಕಾಶ.

ಗೋಡೆಗೆ ಒರಗಿ ಕೂತಿದ್ದ ಗಿಡ್ಡಯ್ಯ ಮೂವರ ಮುಖವನ್ನೂ ನೋಡಿದ. ಕ್ವಾರಿಯ ಸಿಡಿಮದ್ದಿಗೆ ಅವನ ಎರಡು ಕಿವಿಯೂ ಹೋಗಿ ಇಪ್ಪತ್ತು ವರ್ಷವಾಗಿತ್ತು. ಮಾತು ಅವನಿಗೆ ತುಟಿಯಿಂದ ಅರ್ಧ, ಅಂದಾಜಿನಿಂದ ಅರ್ಧ.

"ಎಂತ ಅಂತೆ ಮಗಾ?"

ಮಹೇಶ್ವರ ಅವನ ಕಿವಿಗೆ ಬಾಯಿಟ್ಟು ಕೂಗಿದ. "ಅನುಕಂಪ, ದೊಡ್ಡಪ್ಪ."

"ಅನ್ನ ಕಮ್ಮಿಯಾ?" ಎಂದ ಗಿಡ್ಡಯ್ಯ. ಇನ್ನೂ ಕೈಯಿಡದಿದ್ದ ತನ್ನ ತಟ್ಟೆ ಎತ್ತಿ, ಅರ್ಧ ಅನ್ನವನ್ನು ಪಾತ್ರೆಗೆ ವಾಪಸು ಸುರಿದ. "ನಂಗೆ ಇಷ್ಟು ಧಾರಾಳ ಆಯ್ತು. ಹುಡುಗರಿಗೆ ಬಡಿಸು ಕಮಲ."

ಮಂಜಯ್ಯ ಹೋದಮೇಲೆ ಆ ಮನೆಯಲ್ಲಿ ಮೊದಲ ಸಲ ನಗು ಬಂತು. ಕಮಲಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು, ಹಾಗೇ ಅತ್ತಳು. ಗಿಡ್ಡಯ್ಯನೂ ಅವರ ಜೊತೆಗೆ ನಕ್ಕ. ಯಾರೂ ಅವನನ್ನು ತಿದ್ದಲಿಲ್ಲ. ಕಿವುಡನ ತಪ್ಪು ತಿದ್ದುವುದೆಂದರೆ ಕೇರಿಗೆಲ್ಲ ಕೇಳುವಂತೆ ಕೂಗಬೇಕು. ಸೂತಕದ ಮನೆಯಿಂದ ಕೂಗು ಎದ್ದರೆ ಅಕ್ಕಪಕ್ಕದವರು ಓಡಿಬರುತ್ತಾರೆ. ಇರಲಿ ಎಂದು ಬಿಟ್ಟರು.

ಗಿಡ್ಡಯ್ಯ ಆ ಮನೆಗೆ ರಕ್ತದಿಂದ ಏನೂ ಆಗಬೇಕಾದವನಲ್ಲ. ಮಂಜಯ್ಯನ ಗ್ಯಾಂಗಿನಲ್ಲೇ ಇದ್ದ ದಿನಗೂಲಿಯವನು. ಕೆಲಸ ಒಂದೇ, ಬಿಸಿಲು ಒಂದೇ, ಮಂಜಯ್ಯನ ಹೆಸರು ಕಾಯಂ ಆಯಿತು, ಗಿಡ್ಡಯ್ಯನದು ಆಗಲಿಲ್ಲ. ಆ ಗ್ಯಾಂಗಿನಲ್ಲಿ ಚರಂಡಿ ತೋಡುವಾಗ ರಸ್ತೆಯನ್ನು ಕೋಲಿನಿಂದ ಅಳೆದು ತಲೆಗೊಂದು ಪಾಲು ಹಂಚುತ್ತಿದ್ದರು. ಕಲ್ಲು ಬಿದ್ದು ಗಿಡ್ಡಯ್ಯನ ಕಾಲು ಸೊಟ್ಟಗಾದಮೇಲೆ ಅವನ ಪಾಲು ಸಂಜೆಯಾದರೂ ಮುಗಿಯುತ್ತಿರಲಿಲ್ಲ. ಮಂಜಯ್ಯ ತನ್ನ ಪಾಲು ಮುಗಿಸಿ, ಬೀಡಿ ಹಚ್ಚಿಕೊಂಡು, ಏನೂ ಮಾತಾಡದೆ ಆ ಕಡೆ ತುದಿಯಿಂದ ಗಿಡ್ಡಯ್ಯನ ಪಾಲು ತೋಡುತ್ತಾ ಬರುತ್ತಿದ್ದ. ಇಬ್ಬರೂ ನಡುವೆ ಎದುರಾದಾಗ ಗುದ್ದಲಿಗೆ ಗುದ್ದಲಿ ತಾಗಿಸಿ ಮನೆಗೆ ಹೊರಡುತ್ತಿದ್ದರು. ಇದಕ್ಕೆ ಗ್ಯಾಂಗಿನಲ್ಲಿ ಯಾರೂ ಹೆಸರಿಟ್ಟಿರಲಿಲ್ಲ. ಫಾರಮ್ಮೂ ಇರಲಿಲ್ಲ.

ಎಂಟು ವರ್ಷದ ಹಿಂದೆ ರಸ್ತೆ ಬದಿಯ ಗ್ಯಾಂಗ್ ಶೆಡ್ಡು ಕಿತ್ತಾಗ ಮಂಜಯ್ಯ ಅವನನ್ನು ಮನೆಗೆ ಕರೆದುಕೊಂಡು ಬಂದು, "ನಾಕು ದಿನ ಇರ್ಲಿ ಕಮಲ," ಅಂದ. ಆ ನಾಲ್ಕು ದಿನ ಇನ್ನೂ ಮುಗಿದಿರಲಿಲ್ಲ. ಬೀದಿ ನಲ್ಲಿಯಿಂದ ನೀರು ತರುವವನು, ಸೌದೆ ಒಡೆಯುವವನು, ಸಂಜೆ ಕೋಳಿ ಗೂಡು ಮುಚ್ಚುವವನು ಅವನೇ. ಕಮಲಕ್ಕ ಅವನನ್ನು ಗಿಡ್ಡಣ್ಣ ಎನ್ನುತ್ತಿದ್ದಳು, ಊರಿನವರೆಲ್ಲ ಕರೆಯುವ ಹಾಗೆ.

ಆ ವರ್ಷ ಆ ಮನೆಗೆ ಯುಗಾದಿ ಇರಲಿಲ್ಲ. ಹಬ್ಬ ಕಳೆದ ಮಾರನೇ ವಾರ ಪ್ರಕಾಶ ಎಲ್ಲ ಕಾಗದ ಹೊಂದಿಸಿಕೊಂಡು ಷಡಕ್ಷರಿಯವರ ಮೇಜಿನ ಮುಂದೆ ನಿಂತ. ಕೆಲಸಕ್ಕೆ ಹೊರಟಿದ್ದ ಮಹೇಶ್ವರನೂ ಜೊತೆಗಿದ್ದ. ಷಡಕ್ಷರಿಯವರು ಕನ್ನಡಕ ಏರಿಸಿ ರೇಷನ್ ಕಾರ್ಡು ನೋಡಿದರು. ನೋಡಿದವರ ಕಣ್ಣು ಒಂದು ಹೆಸರಿನ ಮೇಲೆ ನಿಂತುಬಿಟ್ಟಿತು.

"ಈ ಗಿಡ್ಡಯ್ಯ ಯಾರಪ್ಪ? ಸಂಬಂಧ ಅನ್ನೋ ಕಡೆ ಅಣ್ಣ ಅಂತಿದೆ. ನಿಮ್ಮ ಅಪ್ಪನಿಗೆ ಅಣ್ಣ ಇದ್ರಾ?"

"ಇಲ್ಲ ಸಾರ್. ನಮ್ಮಲ್ಲಿ ಇರೋ ಒಬ್ರು. ಕಾರ್ಡು ಮಾಡ್ಸೋವಾಗ ಅಪ್ಪಯ್ಯ ಹಂಗೆ ಬರ್ಸಿದ್ದು."

"ಅವರು ಬರ್ಸಿದ್ರು, ನಿನ್ನ ಕುತ್ತಿಗೆಗೆ ಬಂತು. ಕಾರ್ಡಿನ ಪ್ರಕಾರ ಮನೇಲಿ ಇನ್ನೊಬ್ಬ ದುಡಿಯೋ ಗಂಡಸು ಇದ್ದಾನೆ ಅಂತಾಯ್ತು. ಮೃತನ ಸ್ವಂತ ಅಣ್ಣ. ಅವನೇ ಸಂಸಾರ ನೋಡ್ಕೊಳ್ತಾನೆ, ಇವರಿಗೆಂತ ಅನುಕಂಪ ಅಂತ ಮೇಲೆ ಕೂತವರು ಕೇಳಿದ್ರೆ?"

"ಅವರಿಗೆ ಕಿವಿ ಕೇಳಲ್ಲ, ಕಾಲು ಸೊಟ್ಟ," ಎಂದ ಮಹೇಶ್ವರ.

"ಕಾರ್ಡಿನಲ್ಲಿ ಕಿವಿ, ಕಾಲು ಬರೆಯಲ್ಲ ಮಾರಾಯ. ಹೆಸರು ಮಾತ್ರ ಬರೀತಾರೆ." ಷಡಕ್ಷರಿಯವರು ಪ್ರಕಾಶನ ಕಡೆ ತಿರುಗಿದರು. "ಇನ್ಸ್‌ಪೆಕ್ಟರ್ ಮನೆ ನೋಡಕ್ಕೆ ಬರ್ತಾರೆ. ಆವಾಗ ಆ ಮನುಷ್ಯ ಮನೇಲಿ ಇರಬಾರದು. ಬಿಟ್ಟು ಹೋಗಿದ್ದಾರೆ, ಎಲ್ಲಿದ್ದಾರೋ ಗೊತ್ತಿಲ್ಲ ಅಂತ ಒಂದು ಕಾಗದ ಬರೆದುಕೊಡ್ತೀನಿ. ಇನ್ನೊಂದು ಮಾತು. ಮನೆ ಸ್ವಲ್ಪ ಬಡವರ ಮನೆ ಹಾಗೇ ಇರ್ಲಿ. ಟಿವಿ ಪಿವಿ ಇದ್ರೆ ಎತ್ತಿಡಿ. ನೋಡಿದವರಿಗೆ ಪಾಪ ಅನ್ನಿಸಬೇಕು."

ಮಹೇಶ್ವರನಿಗೆ ಆ ಮೇಜನ್ನು ಎತ್ತಿ ರಸ್ತೆಗೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ವೆಲ್ಡಿಂಗ್ ಶಾಪಿಗೆ ಹೋಗಿ ಅಂದು ಬೆಸೆದ ಮೂರು ಗ್ರಿಲ್ಲನ್ನೂ ಕೆಡಿಸಿ ಮಾಲೀಕನಿಂದ ಬೈಸಿಕೊಂಡ.

ಜಗಳ ಸಂಜೆ ಶುರುವಾಯಿತು. ಕಮಲಕ್ಕ ತೋಟದ ಕೂಲಿಯಿಂದ ಬಂದು ಕಾಲು ತೊಳೆದು, ಹುರುಳಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಗಿಡ್ಡಯ್ಯ ಹಿತ್ತಲಲ್ಲಿ ಸೌದೆ ಒಡೆಯುತ್ತಿದ್ದ. ಅವನ ಕೊಡಲಿಯ ಸದ್ದು ಒಳಗಿನ ಪ್ರತಿ ಮಾತಿನ ನಡುವೆಯೂ ಬೀಳುತ್ತಿತ್ತು.

"ಹೊರಗೆ ಹಾಕದು ಅಂತ ಯಾರಂದ್ರು?" ಎಂದ ಪ್ರಕಾಶ. "ಸ್ವಲ್ಪ ದಿನ ಬೇರೆ ಕಡೆ ಇರ್ಲಿ ಅಂದೆ."

"ಬೇರೆ ಕಡೆ ಅಂದ್ರೆ? ಅವರಿಗೆ ಯಾವ ಬೇರೆ ಕಡೆ ಇದೆ ಹೇಳು."

"ನೆಮ್ಮಾರಲ್ಲಿ ತಂಗಿ ಮಗ ಇದಾನಂತಲ್ಲ."

"ಅಪ್ಪಯ್ಯ ಸತ್ತಾಗ ಬಂದ್ನಾ? ದೊಡ್ಡಪ್ಪ ಇದಾರಾ ಸತ್ರಾ ಅಂತ ಕೇಳ್ದವನಾ ಅವ್ನು?"

"ನೋಡು ಮಹೇಶ. ಅಮ್ಮ ಇನ್ನೆಷ್ಟು ವರ್ಷ ಬುಟ್ಟಿ ಹೊರದು? ಬೆನ್ನು ನೋವು ಅಂತ ದಿನಾ ಎಣ್ಣೆ ಹಚ್ಕೊಳ್ತಾಳೆ, ನಿಂಗೆ ಕಾಣಲ್ವಾ? ನಂಗೆ ಕನಿಕರ ಇಲ್ಲ ಅಂತಲ್ಲ. ನಂಗೆ ಅಮ್ಮನ ಮೇಲೆ ಕನಿಕರ. ಎಲ್ಲರಿಗೂ ಕೊಡಕ್ಕೆ ನನ್ನ ಹತ್ರ ಇಲ್ಲ."

"ಅಳೆದು ಹಂಚಕ್ಕೆ ಅದೆಂತ ರೇಷನ್ ಸೀಮೆಎಣ್ಣೆಯಾ?"

"ನೀನು ಮಾತು ಕಲ್ತಷ್ಟು ಅಕ್ಷರ ಕಲ್ತಿದ್ರೆ ಈ ಅರ್ಜಿ ನೀನೇ ಹಾಕಬಹುದಿತ್ತು."

ಕಮಲಕ್ಕ ಸೌಟನ್ನು ಪಾತ್ರೆಯ ಅಂಚಿಗೆ ಬಡಿದಳು. "ಸಾಕು. ಇಬ್ಬರೂ ಬಾಯಿ ಮುಚ್ಚಿ."

"ನೀನು ಹೇಳಮ್ಮ," ಎಂದ ಮಹೇಶ್ವರ. "ನೀನು ಎಂತ ಹೇಳ್ತೀಯ?"

ಅವಳು ಒಲೆಯ ಕೊಳ್ಳಿ ಹಿಂದಕ್ಕೆಳೆದಳು. ಕೊನೆಗೆ, "ಪಾಪ, ಗಿಡ್ಡಣ್ಣ," ಅಂದಳು. ಅಷ್ಟೇ.

ಆ ಮಾತು ಕೇಳಿ ಮಹೇಶ್ವರನಿಗೆ ಮೈಯೆಲ್ಲ ಉರಿಯಿತು. ತಿಂಗಳಿಂದ ಅವನು ಅದನ್ನೇ ಕೇಳುತ್ತಿದ್ದ. ಅಪ್ಪಯ್ಯನ ಹೆಣ ಅಂಗಳದಲ್ಲಿದ್ದಾಗ ಊರೆಲ್ಲ ಪಾಪ ಅಂದಿತು. ಅಂದವರು ಕಾಫಿ ಕುಡಿದು ಹೋದರು. ಕೂಲಿಗೆ ಕರೆಯುವ ತೋಟದವರು ಪಾಪ ಅಂದರು, ಆದರೆ ಸೂತಕದ ಹದಿಮೂರು ದಿನದ ಕೂಲಿ ಹಿಡಿದುಕೊಂಡರು. ಅಯ್ಯೋ ಪಾಪ ಎಂದವನ ನಾಲಿಗೆ ಒದ್ದೆಯಾಗುತ್ತದೆ, ಅಷ್ಟೇ. ಕೈ ಒಣಗಿದ್ದು ಒಣಗಿದ ಹಾಗೇ ಇರುತ್ತದೆ. ಮಾಡಿದರೂ ಪಾಪ, ಅಂದರೂ ಪಾಪ, ಎರಡಕ್ಕೂ ಒಂದೇ ಮಾತು ಇಟ್ಟವನು ಸರಿಯಾಗಿಯೇ ಇಟ್ಟ.

ಅಂದು ಊಟಕ್ಕೆ ಕೂತಾಗ ಅವನಿಗೆ ಇನ್ನೊಂದು ಕಂಡಿತು. ಗಿಡ್ಡಯ್ಯ ಒಂದು ಸೌಟು ಅನ್ನ ಬಿದ್ದ ಕೂಡಲೇ ತಟ್ಟೆಗೆ ಅಡ್ಡ ಕೈಯಿಟ್ಟ.

"ಇದೆಂತ ದೊಡ್ಡಪ್ಪ, ಇಷ್ಟೇನಾ?"

"ವಯಸ್ಸಾಯ್ತು ಮಗಾ. ಮುದುಕನ ಹೊಟ್ಟೆ, ಕೋಳಿ ಹೊಟ್ಟೆ," ಎಂದು ಗಿಡ್ಡಯ್ಯ ನಕ್ಕ. ಕೆನ್ನೆ ಒಳಗೆ ಹೋಗಿತ್ತು. ಮಹೇಶ್ವರ ಅದನ್ನು ನೋಡಿದ, ಆದರೆ ಪ್ರಕಾಶನ ಮೇಲಿನ ಸಿಟ್ಟಿನಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆಮೇಲೆ ಬಹಳ ದಿನ ಅವನು ಇದಕ್ಕೆ ತನ್ನನ್ನೇ ಬೈದುಕೊಂಡ.

ಏಪ್ರಿಲ್ ಮೊದಲ ವಾರ ಇನ್ಸ್‌ಪೆಕ್ಟರು ಶುಕ್ರವಾರ ಬರುತ್ತಾರೆಂದು ಸುದ್ದಿ ಬಂತು. ಮಹೇಶ್ವರನಿಗೆ ಅದನ್ನು ಯಾರೂ ಹೇಳಲಿಲ್ಲ. ಬುಧವಾರ ಬೆಳಿಗ್ಗೆ ಅವನು ಶೆಟ್ಟಿಕೊಪ್ಪದ ಒಂದು ಹೊಸ ಮನೆಗೆ ಗೇಟು ಕೂರಿಸಲು ಹೋದ. ಎರಡು ದಿನದ ಕೆಲಸ, ರಾತ್ರಿ ಅಲ್ಲೇ ಉಳಿದ. ಗುರುವಾರ ಸಂಜೆ ಮನೆಗೆ ಬಂದರೆ ಕೊಡಗಳು ಬಾಯಿ ತೆರೆದುಕೊಂಡು ಒಣಗಿದ್ದವು. ಕೋಳಿಗಳು ಗೂಡಿಗೆ ಹೋಗದೆ ಜಗಲಿಯ ಮೇಲೆ ಸಾಲಾಗಿ ಕೂತಿದ್ದವು. ಟಿವಿ ಇದ್ದ ಸ್ಟ್ಯಾಂಡಿನಲ್ಲಿ ಟಿವಿ ಇರಲಿಲ್ಲ. ಅದು ಅವನು ತನ್ನ ಕೂಲಿ ಕೂಡಿಸಿ ತಂದದ್ದು.

"ಮೂಕಾಂಬಿಕಕ್ಕನ ಮನೇಲಿಟ್ಟಿದೀವಿ," ಎಂದಳು ಕಮಲಕ್ಕ, ಅವನ ಮುಖ ನೋಡದೆ. ಮೂಕಾಂಬಿಕಾ ಪಕ್ಕದ ಮನೆಯವಳು.

"ಟಿವಿ ಹಾಳಾಗಿ ಹೋಗ್ಲಿ. ದೊಡ್ಡಪ್ಪನ್ನ ಯಾರ ಮನೇಲಿಟ್ರಿ?"

ಕಮಲಕ್ಕ ಅಕ್ಕಿ ಆರಿಸುವ ಮೊರಕ್ಕೆ ತಲೆ ಬಗ್ಗಿಸಿದಳು. ಉತ್ತರ ಹೇಳಿದವನು ಪ್ರಕಾಶ.

"ನಿನ್ನೆ ಶೃಂಗೇರಿಗೆ ಕರ್ಕೊಂಡು ಹೋಗಿ ಬಿಟ್ಟು ಬಂದೆ."

"ಬಿಟ್ಟು ಬಂದೆ ಅಂದ್ರೆ?"

"ಅಲ್ಲಿ ಮಠದಲ್ಲಿ ದಿನಾ ಊಟ ಹಾಕ್ತಾರೆ. ಸಾವಿರಾರು ಜನ ಉಣ್ತಾರೆ. ಒಬ್ಬ ಹೆಚ್ಚಾದ್ರೆ ಯಾರಿಗೆ ಭಾರ? ಮಲಗಕ್ಕೆ ಅಲ್ಲೇ ಎಲ್ಲಾದ್ರೂ ಜಾಗ ಆಗ್ತದೆ. ನಮ್ಮ ಮನೆಗಿಂತ ಚೆನ್ನಾಗೇ ಇರ್ತಾರೆ."

"ಅವರಿಗೆ ಎಂತ ಹೇಳ್ದೆ?"

"ನಾಕು ದಿನ ಇರಿ, ಬಂದು ಕರ್ಕೊಂಡು ಹೋಗ್ತೀನಿ ಅಂತ ಸನ್ನೆ ಮಾಡ್ದೆ."

ಮಹೇಶ್ವರ ನಕ್ಕ. ಆ ನಗು ಚೆನ್ನಾಗಿರಲಿಲ್ಲ. "ನಾಕು ದಿನ. ಅಪ್ಪಯ್ಯನೂ ನಾಕು ದಿನ ಅಂತಲೇ ಕರ್ಕೊಂಡು ಬಂದ್ರು. ಆ ನಾಕು ದಿನಕ್ಕೂ ನಿನ್ನ ನಾಕು ದಿನಕ್ಕೂ ಎಂತ ವ್ಯತ್ಯಾಸ ನೋಡು. ಸಾವಿರ ಜನ ಉಣ್ಣೋ ಕಡೆ ಬಿಟ್ಟು ಬಂದೆಯಾ. ಅವರ ಧರ್ಮ ಅವರು ಮಾಡ್ತಾರೆ. ನಿನ್ನ ಮನೆ ಕಸ ಅವರ ಬಾಗಿಲಿಗೆ ಹಾಕಕ್ಕಲ್ಲ ಅದು."

"ಕಸ ಅಂದೋನು ನೀನು. ನಾನಲ್ಲ."

"ನಾನು ಅಂದೆ, ನೀನು ಮಾಡ್ದೆ." ಅವನು ತಾಯಿಯ ಕಡೆ ತಿರುಗಿದ. "ಬಟ್ಟೆ ಕಟ್ಟಿಕೊಟ್ಟಿದ್ದು ಯಾರು?"

"ನಾನೇ," ಎಂದಳು ಕಮಲಕ್ಕ. ಮೊರದಲ್ಲಿ ಕಲ್ಲು ಹುಡುಕುತ್ತಿದ್ದ ಬೆರಳು ನಿಂತಿತು. "ಎರಡು ಪಂಚೆ, ನಿಮ್ಮಪ್ಪನ ಸ್ವೆಟರ್ ಇಟ್ಟೆ. ಬೇಡ ಅಂದ್ರು. ಅಲ್ಲಿ ಬೆಳಗಿನ ಜಾವ ಚಳಿ ಇರ್ತದೆ ಅಂತ ಇಟ್ಟೆ."

ಮಹೇಶ್ವರ ಒಣಗಿದ ಕೊಡಗಳ ಕಡೆ ನಡೆದ. ಎರಡು ಕೊಡ ತೆಗೆದುಕೊಂಡು ನಲ್ಲಿಗೆ ಹೋದ. ಅಂದು ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಅನ್ನ ಮಿಕ್ಕಿತು.

ಶುಕ್ರವಾರ ಮೊದಲ ಬಸ್ಸಿಗೆ ಅವನು ಶೃಂಗೇರಿಗೆ ಹೋದ. ಹೊಳೆಯ ಮೆಟ್ಟಿಲು, ದೇವಸ್ಥಾನದ ಪ್ರಾಂಗಣ, ಬಸ್ ಸ್ಟ್ಯಾಂಡು, ಎಲ್ಲ ಹುಡುಕಿದ. ಸೊಟ್ಟ ಕಾಲಿನ ಕಿವುಡ ಮುದುಕ ಎಂದು ಕಂಡಕಂಡವರನ್ನು ಕೇಳಿದ. ಕೇಳಿದವರೆಲ್ಲ, "ಅಯ್ಯೋ ಪಾಪ," ಅಂದರು. ಕೊನೆಗೆ ಹೂವು ಮಾರುವ ಒಬ್ಬ ಹೆಂಗಸು ತಲೆಯೆತ್ತಿದಳು.

"ನೀಲಿ ಸ್ವೆಟರ್ ಹಾಕಿದವರಾ? ಬುಧವಾರ ಇಡೀ ದಿನ ಇಲ್ಲೇ ಕಂಬಕ್ಕೆ ಒರಗಿ ಕೂತಿದ್ರು. ನನ್ನ ಬಕೆಟ್ಟಿಗೆ ನೀರು ತಂದುಕೊಟ್ರು, ಬೇಡ ಅಂದ್ರೂ ಕೇಳಲ್ಲ. ನಿನ್ನೆ ಊಟ ಆದ್ಮೇಲೆ ಹೊರಟುಬಿಟ್ರು. ನನ್ನ ಹತ್ರ ಒಂದು ಪ್ಲಾಸ್ಟಿಕ್ ಕವರ್ ಇಸ್ಕೊಂಡ್ರು. ಎಲೆಗೆ ಹಾಕಿದ ಅನ್ನದಲ್ಲಿ ಮುಕ್ಕಾಲು ಉಣ್ಣದೆ ಬಾಳೆಲೆ ತುಂಡಿನಲ್ಲಿ ಕಟ್ಕೊಂಡು ಬಂದಿದ್ರು."

"ಯಾಕಂತೆ?"

"ನಾನೂ ಕೇಳ್ದೆ, ಯಾಕಜ್ಜ ಅಂತ. ನಮ್ಮನೇಲಿ ಅನ್ನ ಕಮ್ಮಿ ಬಿದ್ದಿದೆ, ಹುಡುಗರಿಗೆ ಕೊಟ್ಟು ಬರ್ತೀನಿ ಅಂದ್ರು."

ಮಹೇಶ್ವರ ಅಲ್ಲೇ ನಿಂತ. ಬಸ್ಸಿನವನು ಕೊಪ್ಪ ಕೊಪ್ಪ ಎಂದು ಕೂಗುವುದು ಕೇಳುತ್ತಿತ್ತು. ಆ ಮೊದಲ ರಾತ್ರಿ ಪಾತ್ರೆಗೆ ವಾಪಸು ಬಿದ್ದ ಅನ್ನ, ಆಮೇಲೆ ದಿನಾ ತಟ್ಟೆಗೆ ಅಡ್ಡ ಬಂದ ಕೈ, ಒಳಗೆ ಹೋದ ಕೆನ್ನೆ, ಎಲ್ಲ ಒಟ್ಟಿಗೆ ಎದುರು ಬಂದವು. ನಲವತ್ತು ದಿನ. ನಲವತ್ತು ದಿನ ಒಬ್ಬ ಮನುಷ್ಯ ಇವರ ಮನೆಯಲ್ಲಿ ಅರ್ಧ ಹೊಟ್ಟೆಯಲ್ಲಿ ಸೌದೆ ಒಡೆದಿದ್ದ, ಒಂದು ಮಾತನ್ನು ತಿದ್ದಲು ಯಾರಿಗೂ ಪುರುಸೊತ್ತಿಲ್ಲದೆ. ಆ ಮಾತು ಕಿವಿಗೆ ಕೂಗಿದವನು ಬೇರೆ ಯಾರೂ ಅಲ್ಲ, ತಾನೇ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ರಸ್ತೆಯ ಎರಡು ಬದಿಯನ್ನೂ ನೋಡುತ್ತಾ ಬಂದ. ಗಿಡ್ಡಯ್ಯ ಎಲ್ಲೂ ಕಾಣಲಿಲ್ಲ, ಯಾವ ಒಳದಾರಿ ಹಿಡಿದಿದ್ದನೋ. ಅವನು ದಾರಿ ತಪ್ಪುವವನಲ್ಲ. ಆ ರಸ್ತೆಯ ಒಂದೊಂದು ಮೋರಿಗೂ ಕಲ್ಲು ಹೊತ್ತವನು. ಆದರೆ ಇಪ್ಪತ್ತು ಕಿಲೋಮೀಟರಿಗೂ ಮೇಲೆ, ಆ ಕಾಲಿನಲ್ಲಿ.

ಮನೆ ಮುಟ್ಟಿದಾಗ ಅಂಗಳದಲ್ಲಿ ಮೋಟಾರ್ ಸೈಕಲ್ಲು ನಿಂತಿತ್ತು. ಇನ್ಸ್‌ಪೆಕ್ಟರ್ ವೀರಪ್ಪನವರು ಒಳಗೆ ಮುರುಕು ಸ್ಟೂಲಿನ ಮೇಲೆ ಕೂತಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂತ ಗಾದೆ. ಆ ಮನೆಯಲ್ಲಿ ಅಂದು ಗಾದೆಯೇ ತಲೆಕೆಳಗಾಗಿತ್ತು. ಇರುವ ಪ್ಲಾಸ್ಟಿಕ್ ಕುರ್ಚಿಯನ್ನೂ ಪಕ್ಕದ ಮನೆಗೆ ಸಾಗಿಸಿ, ಹರಿದ ಚಾಪೆ ಹಾಸಿ, ಕಮಲಕ್ಕನಿಗೆ ತೋಟದ ಕೆಲಸದ ಸೀರೆ ಉಡಿಸಿ ಮೂಲೆಯಲ್ಲಿ ಕೂರಿಸಿದ್ದ ಪ್ರಕಾಶ.

"ಮೇಲೆ ಆಂಟೆನಾ ಇದೆಯಲ್ಲ," ಎನ್ನುತ್ತಿದ್ದರು ವೀರಪ್ಪನವರು.

ಪ್ರಕಾಶನ ಮುಖ ಬಿಳಿಚಿತು. ಟಿವಿ ಎತ್ತಿಟ್ಟವರು ಮನೆಯ ಮಾಡು ಹತ್ತಿ ನೋಡಿರಲಿಲ್ಲ. "ಅದು... ಬಟ್ಟೆ ಒಣಗಿಸಕ್ಕೆ ಸಾರ್."

"ಮಾಡಿನ ಮೇಲಾ?" ವೀರಪ್ಪನವರು ನಗಲಿಲ್ಲ. "ಎಲೆಕ್ಷನ್ ಡ್ಯೂಟಿ ನಡುವೆ ಬಂದಿದೀನಿ, ಬೇಗ ಮುಗಿಸೋಣ. ಈ ಗಿಡ್ಡಯ್ಯ ಅನ್ನೋರು?"

"ಬಿಟ್ಟು ಹೋದ್ರು ಸಾರ್. ವರ್ಷ ಆಯ್ತು. ಎಲ್ಲಿದಾರೋ ಗೊತ್ತಿಲ್ಲ. ಕಾಗದ ಕೊಟ್ಟಿದೀನಿ, ಸಹಿ ಇದೆ."

ಮಹೇಶ್ವರ ಬಾಗಿಲಲ್ಲಿ ನಿಂತು ಬಾಯಿ ತೆರೆಯಬೇಕು, ಅಷ್ಟರಲ್ಲಿ ಹಿಂದೆ ಅಂಗಳದಲ್ಲಿ ಕಾಲೆಳೆಯುವ ಸದ್ದು ಕೇಳಿಸಿತು. ಕೋಳಿಗಳು ಆ ಕಡೆಗೆ ಓಡಿದವು.

ಗಿಡ್ಡಯ್ಯ ಬಂದಿದ್ದ. ಸೊಂಟಕ್ಕೆ ಸ್ವೆಟರ್ ಕಟ್ಟಿಕೊಂಡಿದ್ದ. ಕೆಟ್ಟ ಕಾಲಿನ ಚಪ್ಪಲಿ ಕಿತ್ತುಹೋಗಿ ಹೆಬ್ಬೆರಳು ಒಡೆದಿತ್ತು. ಕೈಯಲ್ಲಿ ಕವರ್. ಹೊಸ್ತಿಲಿಗೆ ಬಂದವನು ನಗಲು ಬಾಯಿ ತೆರೆದ. ಆಮೇಲೆ ಒಳಗೆ ನೋಡಿದ. ಪ್ಯಾಂಟು ಹಾಕಿದ ಪರಸ್ಥಳದವರು, ಅವರ ತೊಡೆಯ ಮೇಲೆ ಕಾಗದ. ಟಿವಿ ಇಲ್ಲ. ಕುರ್ಚಿ ಇಲ್ಲ. ಹರಿದ ಚಾಪೆ. ಕಮಲಕ್ಕನ ಮೈಮೇಲೆ ತೋಟದ ಸೀರೆ. ಪ್ರಕಾಶನ ಮುಖ.

ಕಿವಿಯಿಲ್ಲದವನಿಗೆ ಕಣ್ಣು ಎರಡು ಪಟ್ಟು ಕೇಳುತ್ತದೆ.

"ಯಾರಿವರು?" ಎಂದರು ವೀರಪ್ಪನವರು.

ಗಿಡ್ಡಯ್ಯ ಕವರನ್ನು ನಿಧಾನವಾಗಿ ಬೆನ್ನ ಹಿಂದೆ ಸರಿಸಿದ. ಒಂದು ಹೆಜ್ಜೆ ಹಿಂದಕ್ಕಿಟ್ಟು ಹೊಸ್ತಿಲಿನಿಂದ ಕೆಳಗೆ ಇಳಿದ.

"ದಾರಿಹೋಕ ಸ್ವಾಮಿ," ಎಂದ. "ಬಿಸಿಲು ಜೋರು. ಒಂದು ಲೋಟ ನೀರು ಕೇಳಣ ಅಂತ ಬಂದೆ. ಕುಡ್ದು ಹೋಗ್ತೀನಿ."

ಆ ಮನೆಯ ನೀರು. ಎಂಟು ವರ್ಷ ಅವನೇ ಹೊತ್ತು ತುಂಬಿಸಿದ ಕೊಡದ ನೀರು.

"ಕೊಡ್ತೀವಿ, ಅಲ್ಲೇ ನಿಂತಿರಜ್ಜ," ಎಂದ ಪ್ರಕಾಶ. ಅಂದುಬಿಟ್ಟ. ಆ ಮಾತು ಅವನ ಬಾಯಿಂದ ಬರುತ್ತದೆಂದು ಮಹೇಶ್ವರ ನಂಬಿರಲಿಲ್ಲ.

"ಸಾರ್, ಅವರು ದಾರಿಹೋಕರಲ್ಲ." ಮಹೇಶ್ವರನ ದನಿ ಅವನಿಗೇ ಬೇರೆ ಯಾರದೋ ಎಂಬಂತೆ ಕೇಳಿಸಿತು. "ಅವರೇ ಗಿಡ್ಡಯ್ಯ. ನಮ್ಮ ದೊಡ್ಡಪ್ಪ. ಬರ್ಕೊಳ್ಳಿ. ಬಿಟ್ಟು ಹೋದದ್ದು ಅವರಲ್ಲ, ಬಿಟ್ಟು ಬಂದದ್ದು ನಾವು, ಮೊನ್ನೆ ಬುಧವಾರ. ಅದನ್ನೂ ಬರ್ಕೊಳ್ಳಿ. ಟಿವಿ ಪಕ್ಕದ ಮನೇಲಿದೆ, ಬಣ್ಣದ್ದು, ನಂದು. ಅನುಕಂಪ ಬೇಕು ಅಂತ ಅರ್ಜಿ ಹಾಕಿದೋರು ನಾವು. ನಮ್ಮ ಮನೇಲಿ ಅದು ಎಷ್ಟಿದೆ ಅಂತಲೂ ನೋಡಿ ಹೋಗಿ."

"ಮಹೇಶ," ಎಂದು ಪ್ರಕಾಶ ಎದ್ದು ಅವನ ಅಂಗಿ ಹಿಡಿದ. "ನನ್ನ ಬಾಯಿಗೆ ಮಣ್ಣು ಹಾಕ್ತಿದೀಯ."

"ಕೂತ್ಕೊಳ್ರಪ್ಪ," ಎಂದರು ವೀರಪ್ಪನವರು. ಗಿಡ್ಡಯ್ಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಅಜ್ಜಾ, ವಯಸ್ಸೆಷ್ಟು?"

"ನೀರು ಸಾಕು ಸ್ವಾಮಿ," ಎಂದ ಗಿಡ್ಡಯ್ಯ.

ವೀರಪ್ಪನವರು ಪೆನ್ನಿನ ಮುಚ್ಚಳ ಹಾಕಿದರು. "ಇವರು ದುಡಿಯೋ ಗಂಡಸಾ? ಇವರು ಮನೇಲಿದ್ರೆ ಕೆಲಸ ತಪ್ಪುತ್ತೆ ಅಂತ ನಿಮಗೆ ಹೇಳಿದ್ದು ಯಾರು?"

"ಅರ್ಜಿ ಬರೆಯೋರು," ಎಂದ ಪ್ರಕಾಶ, ಕೇಳಿಸಿಯೂ ಕೇಳಿಸದ ಹಾಗೆ.

"ಇವರಿದ್ರೆ ನಿಮಗೆ ತೊಂದರೆ ಇರಲಿಲ್ಲ. ಅವಲಂಬಿತರು ಒಬ್ಬರು ಹೆಚ್ಚಾಗ್ತಿದ್ರು, ಅಷ್ಟೆ. ಈಗ ತೊಂದರೆ ಆಗಿದ್ದು ಈ ಸುಳ್ಳು ಕಾಗದದಿಂದ." ಅವರು ಆ ಕಾಗದವನ್ನು ತೆಗೆದು ಪ್ರಕಾಶನ ಮುಂದೆ ಚಾಪೆಯ ಮೇಲಿಟ್ಟರು. "ಇದನ್ನ ನಾನು ನೋಡಿಲ್ಲ ಅಂತ ಹೇಳಲ್ಲ. ನೋಡಿದೀನಿ. ಸೋಮವಾರದ ಒಳಗೆ ಹೊಸ ಮುಚ್ಚಳಿಕೆ ತಂದುಕೊಡಿ. ಇವರೆಲ್ಲರನ್ನೂ ಪೋಷಣೆ ಮಾಡ್ತೀನಿ ಅಂತ, ಹೆಸರು ಹಾಕಿ, ಸಂಬಂಧ ಬರೆದು. ತಾಯಿ ಹೆಬ್ಬೆಟ್ಟು ಒತ್ತಬೇಕು. ಆಮೇಲೆ ಮೇಲಿನವರು ಎಂತ ಮಾಡ್ತಾರೋ ಅವರಿಗೆ ಬಿಟ್ಟಿದ್ದು."

ಮೋಟಾರ್ ಸೈಕಲ್ಲು ಹೋಯಿತು. ಪ್ರಕಾಶ ಹಿತ್ತಲಿಗೆ ನಡೆದ. ಮಹೇಶ್ವರ ಗಿಡ್ಡಯ್ಯನ ಕೈ ಹಿಡಿದು ಒಳಗೆ ಕರೆತಂದು ಕಾಲು ತೊಳೆದ. ಒಡೆದ ಬೆರಳಿಗೆ ಅರಿಸಿನ ಹಚ್ಚಿದ. "ತಪ್ಪು ಮಾಡ್ದೆ ಮಗಾ," ಎನ್ನುತ್ತಿದ್ದ ಗಿಡ್ಡಯ್ಯ. "ದೊಡ್ಡವರು ಬಂದಿದ್ರು. ನಾನು ಸ್ವಲ್ಪ ತಡೆದು ಬರಬೇಕಿತ್ತು."

ಕಮಲಕ್ಕ ಕವರ್ ಬಿಚ್ಚಿದಳು. ನಿನ್ನೆಯ ಅನ್ನ, ಬಿಸಿಲಿಗೆ ಬೆಂದು ಹಳಸಿ ಹುಳಿ ವಾಸನೆ ಬರುತ್ತಿತ್ತು. ಬಾಳೆಲೆಯ ಚೂರಿನಲ್ಲಿ ಬೇರೆಯಾಗಿ ಒಂದಿಷ್ಟು ಪಾಯಸ, ಅದೂ ಕೆಟ್ಟಿತ್ತು.

"ಯಾಕೆ ತಂದ್ರಂತೆ?"

ಮಹೇಶ್ವರ ಹೇಳಿದ. ಆ ಮೊದಲ ರಾತ್ರಿಯಿಂದ ಹೇಳಿದ. ಕಮಲಕ್ಕ ಕೇಳಿದಳು, ಕೇಳಿ ಆ ಅನ್ನವನ್ನು ಎಸೆಯಲಿಲ್ಲ. ಒಲೆಯ ಪಕ್ಕದ ಕಟ್ಟೆಯ ಮೇಲೆ ಎಲೆ ಸಮೇತ ಬಿಚ್ಚಿಟ್ಟಳು, ಉಣ್ಣಲು ಕೂತವರಿಗೆಲ್ಲ ಕಾಣುವ ಜಾಗದಲ್ಲಿ. ತೋಟದ ಸೀರೆ ಬಿಚ್ಚಿ ಬೇರೆ ಉಟ್ಟು ಬಂದು ಒಲೆ ಹಚ್ಚಿದಳು. ದಿನಾ ಹಾಕುವ ಅಕ್ಕಿಯ ಮೇಲೆ ಇನ್ನೊಂದು ಪಾವು ಹಾಕಿದಳು.

ನಾಲ್ಕು ತಟ್ಟೆ ಬಿದ್ದವು. ಪ್ರಕಾಶನೂ ಬಂದು ಕೂತ, ಹಸಿವು ಯಾರನ್ನೂ ಬಿಡುವುದಿಲ್ಲ. ಮಹೇಶ್ವರ ಅವನಿಗೆ ಬೆನ್ನು ಹಾಕಿ ಕೂತ. ಕಮಲಕ್ಕ ಮೊದಲ ಸೌಟು ಗಿಡ್ಡಯ್ಯನ ತಟ್ಟೆಗೆ ಹಾಕಿದಳು. ಎರಡನೆಯದಕ್ಕೆ ಅವನ ಕೈ ಅಡ್ಡ ಬಂತು.

"ಸಾಕು ಕಮಲ. ಅನ್ನ ಕಮ್ಮಿ..."

ಅವಳು ಕೂಗಲಿಲ್ಲ. ಒಲೆಯ ಹತ್ತಿರ ಹೋಗಿ, ಎರಡು ಕೈಗೂ ಬಟ್ಟೆ ಹಿಡಿದು, ಅನ್ನದ ಪಾತ್ರೆಯನ್ನು ಎತ್ತಿ ತಂದು ಅವನ ಮುಂದೆ ಮಂಡಿಯೂರಿದಳು. ಪಾತ್ರೆಯನ್ನು ಅವನ ಕಣ್ಣಿನ ಕೆಳಗೆ ವಾಲಿಸಿ ತೋರಿಸಿದಳು. ಅಂಚಿನವರೆಗೆ ಬಿಳಿ ಅನ್ನ, ಹೊಗೆಯಾಡುತ್ತಿತ್ತು.

"ನೋಡಿ ಭಾವ," ಎಂದಳು, ತುಟಿ ಕಾಣುವ ಹಾಗೆ ಒಂದೊಂದೇ ಮಾತು. "ಇದೆ. ಉಣ್ಣಿ."

ಗಂಡನ ಅಣ್ಣನನ್ನು ಕರೆಯುವ ಆ ಮಾತು ಎಂಟು ವರ್ಷದಲ್ಲಿ ಆ ಮನೆಯಲ್ಲಿ ಯಾರ ಕಿವಿಗೂ ಬಿದ್ದಿರಲಿಲ್ಲ. ಗಿಡ್ಡಯ್ಯ ಪಾತ್ರೆ ನೋಡಿದ, ಅವಳ ತುಟಿ ನೋಡಿದ. ತಟ್ಟೆಯ ಮೇಲಿನ ಕೈ ತೆಗೆದ. ಅವಳು ಎರಡನೆಯದು ಬಡಿಸಿದಳು, ಮೂರನೆಯದು ಬಡಿಸಿದಳು. ಅವನು ತಲೆ ಬಗ್ಗಿಸಿ ಉಂಡ, ನಲವತ್ತು ದಿನದ ಹಸಿವಿನವನು ಉಣ್ಣುವ ಹಾಗೆ ಉಂಡ. ಆ ಸದ್ದು ಕೇಳುತ್ತಾ ಉಳಿದ ಮೂವರಿಗೂ ತುತ್ತು ಇಳಿಯಲಿಲ್ಲ.

ಪ್ರಕಾಶ ಕೈ ತೊಳೆದು ಬಂದ. ಆಮೇಲೆ ಉಳಿದಿದ್ದ ಛಾಪಾ ಕಾಗದ ತೆಗೆದುಕೊಂಡು, ಕರೆಂಟು ಹೋಗಿದ್ದರಿಂದ ಚಿಮಣಿಯ ಮುಂದೆ ಕೂತ. ಕಮಲಕ್ಕ ಅಂದಳು, "ಆ ಹೆಸರು ಇಲ್ಲದ ಕಾಗದಕ್ಕೆ ನಾನು ಹೆಬ್ಬೆಟ್ಟು ಒತ್ತಲ್ಲ. ನೌಕರಿ ಬಂದ್ರೂ ಅಷ್ಟೆ, ಬರದಿದ್ರೂ ಅಷ್ಟೆ."

ಅವನು ಬರೆಯುತ್ತಾ ಹೋದ. ಒಂದು ಕಡೆ ಪೆನ್ನು ನಿಂತಿತು.

"ಸಂಬಂಧ ಅಂತ ಇದೆ ಅಮ್ಮ. ಎಂತ ಬರೀಲಿ?"

ಕಮಲಕ್ಕ ಒಲೆಯ ಮುಂದೆ ಬೂದಿ ಬಳಿಯುತ್ತಿದ್ದಳು. ತಿರುಗಿ ನೋಡಲಿಲ್ಲ.

"ನಿಮ್ಮಪ್ಪ ಕಾರ್ಡಲ್ಲಿ ಬರ್ಸಿಟ್ಟು ಹೋಗಿದಾರಲ್ಲ," ಎಂದಳು. "ಅದನ್ನೇ ನೋಡಿ ಬರಿ."